ಗಂಟಿಲ್ಲದ ಗಟ್ಟಿಮೇಳ

ಅಡಿಲೇಡಿನ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಗೌತಮಿ ವಾರಕ್ಕೆ ಐದು ದಿನ ಕತ್ತಲಲ್ಲಿ ಕೂತು ಜನರ ಹೊಟ್ಟೆಯೊಳಗನ್ನು ನೋಡುತ್ತಿದ್ದಳು. ಉಳಿದೆರಡು ದಿನ ಬೇರೆ ಕತ್ತಲಲ್ಲಿ ನಿಂತು ಜನರನ್ನು ಕುಣಿಸುತ್ತಿದ್ದಳು. ಎರಡೂ ಒಂದೇ ಕೆಲಸವೆಂದು ಅವಳ ನಂಬಿಕೆ. ಕಿವಿಗೊಟ್ಟು ಕಾಯಬೇಕು, ಒಳಗೆ ಏನೋ ಒದೆಯುತ್ತದೆ.

ಅವಳಿಗೆ ಬೇಕಾಗಿದ್ದುದು ಒಂದೇ ಒಂದು. ಪ್ರಾಸ್ಪೆಕ್ಟ್ ರಸ್ತೆಯ ಹಿಂಬದಿಯಲ್ಲಿ, ಮೊದಲು ಉಣ್ಣೆಯ ಗೋದಾಮಾಗಿದ್ದು ಈಗ ಕ್ಲಬ್ಬಾಗಿದ್ದ ಕಟ್ಟಡದಲ್ಲಿ, ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಡಿಜೆಯಾಗಿ ನಿಲ್ಲುವ ಹಕ್ಕು. ಅವಳ ಓರಗೆಯವರು ಮನೆ, ಕಾರು, ಪರ್ಮನೆಂಟ್ ವೀಸಾ ಎಂದು ಕನಸು ಕಾಣುವ ಹೊತ್ತಿನಲ್ಲಿ ಇವಳ ಕನಸಿಗೆ ಆ ನಾಲ್ಕು ಗಂಟೆಗಳು ಬಿಳಿ ಕುದುರೆ ಹತ್ತಿ ಬರುತ್ತಿದ್ದವು.

ಆ ನಾಲ್ಕು ಗಂಟೆಗಳ ಒಡೆಯ, ಕ್ಲಬ್ಬು ನಡೆಸುತ್ತಿದ್ದ ಧ್ರುವ. ಅಡಿಲೇಡಿನಲ್ಲೇ ಹುಟ್ಟಿದ ಡಾಕ್ಟರ ಮಗ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು.

"ಎವ್ರಿಬಡಿ ಹ್ಯಾಸ್ ಎ ಲ್ಯಾಪ್‌ಟಾಪ್, ಗೌತಮಿ," ಎಂದ. "ಮೈ ಡೆಂಟಿಸ್ಟ್ ಈಸ್ ಎ ಡಿಜೆ. ಗಿವ್ ಮಿ ಸಮ್‌ಥಿಂಗ್ ಲೈವ್."

"ಲೈವ್ ಅಂದ್ರೆ ಏನು? ಗಿಟಾರಾ?"

"ಗಿಟಾರ್ ಈಸ್ ಫಾರ್ ಎ ಬಾರ್ಬೆಕ್ಯೂ."

ಅವನು ಹಾಕಿದ ಷರತ್ತು ಇಷ್ಟು. ಪರ್ತಿನಲ್ಲಿ ಒಂದು ಶುಕ್ರವಾರ, ಬ್ರಿಸ್ಬೇನಿನಲ್ಲಿ ಮುಂದಿನ ವಾರದ ಶನಿವಾರ, ಕೊನೆಗೆ ಅಡಿಲೇಡಿನಲ್ಲಿ ಒಂದು ಭಾನುವಾರ. ಮೂರು ಕಡೆಯೂ ಲ್ಯಾಪ್‌ಟಾಪಿನ ಹಾಡಿಗೆ ನಿಜವಾದ ವಾದ್ಯ ಸೇರಬೇಕು, ಮೂರು ಕಡೆಯೂ ಕುಣಿಯುವ ನೆಲ ತುಂಬಬೇಕು. ತುಂಬಿದರೆ ಭಾನುವಾರಗಳೆಲ್ಲ ಅವಳವು. ಇಲ್ಲದಿದ್ದರೆ ಡೆಂಟಿಸ್ಟನವು.

ಆಸ್ಪತ್ರೆಯಲ್ಲಿ ಜೊತೆಗಿದ್ದ ನರ್ಸ್ ಬನಶಂಕರಿ ಇದನ್ನು ಕೇಳಿ, "ನಮ್ಮಪ್ಪ ಅಮ್ಮ ಇಲ್ಲೇ ಕಿಲ್ಬರ್ನ್‌ನಲ್ಲಿ ಸುಮ್ನೆ ಕೂತವ್ರೆ, ಕರ್ಕೊಂಡೋಗು ಮಾರಾಯ್ತಿ," ಎಂದಳು. ಅವರದು ನಂಜನಗೂಡಿನ ಕಡೆಯ ಓಲಗದ ಮನೆತನ. ಅಪ್ಪ ನಾಗೇಂದ್ರ ಡೋಲು ಬಾರಿಸುತ್ತಿದ್ದರು. ಅಮ್ಮ ಕಮಲಾ ನಾಗಸ್ವರ ಊದುತ್ತಿದ್ದರು. ಮಗಳ ಹಿಂದೆ ಈ ದೇಶಕ್ಕೆ ಬಂದು ಐದು ವರ್ಷವಾದರೂ ಒಬ್ಬರೂ ಮದುವೆಗೆ ಕರೆದಿರಲಿಲ್ಲ. ಇಲ್ಲಿನ ಮದುವೆಗಳಲ್ಲಿ ಓಲಗ ಪೆನ್ ಡ್ರೈವಿನಲ್ಲಿರುತ್ತಿತ್ತು. ತಾಳಿ ಕಟ್ಟುವ ಹೊತ್ತಿಗೆ ಯಾರೋ ಸೋದರಮಾವ ಗುಂಡಿ ಒತ್ತಿದರೆ ಮುಗಿಯಿತು.

"ಆ ಪೆನ್ ಡ್ರೈವು ಅನ್ನೋದು ನಮ್ಮನ್ನ ಮನೇಲಿ ಕೂರಿಸ್ಬಿಡ್ತು," ಎಂದರು ನಾಗೇಂದ್ರ ಅಂಕಲ್. "ನಿಂದೇನು ಕೆಲಸ ತಾಯಿ?"

ಗೌತಮಿ ತನ್ನ ಕೊರಳಲ್ಲಿ ತೂಗುತ್ತಿದ್ದ ಪೆನ್ ಡ್ರೈವನ್ನು ಮೆಲ್ಲಗೆ ಅಂಗಿಯೊಳಗೆ ಸರಿಸಿ, "ಹಾಡು ಹಾಕ್ತೀನಿ ಅಂಕಲ್," ಎಂದಳು.

ತಾಲೀಮು ಅವರ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ತಿರುಗುಗಂಬದ ಕೆಳಗೆ ನಡೆಯಿತು. ಗೌತಮಿ ಸ್ಪೀಕರಿನಲ್ಲಿ ಹಾಡು ಹಾಕಿದಳು. ಡೋಲು ಅದಕ್ಕೆ ಒಗ್ಗಿಕೊಂಡಿತು, ನಾಗಸ್ವರ ಮೊದಲು ಗೊಣಗಿ ಆಮೇಲೆ ಸೇರಿಕೊಂಡಿತು. ಹಾಡು ಏರುತ್ತ ಏರುತ್ತ, ಒಂದು ಕ್ಷಣ ಉಸಿರು ಬಿಗಿಹಿಡಿದು, ಆಮೇಲೆ ಧಡಾರನೆ ಬೀಳುವ ಜಾಗ ಒಂದಿರುತ್ತದೆ. ಡಿಜೆಗಳು ಅದಕ್ಕೆ ಡ್ರಾಪ್ ಎನ್ನುತ್ತಾರೆ. ಆ ಜಾಗ ಬಂದಾಗ ಗೌತಮಿ ಎಲ್ಲ ಡಿಜೆಗಳ ಹಾಗೆ ಅಭ್ಯಾಸಬಲದಿಂದ ಬಲಗೈಯನ್ನು ಮೇಲೆತ್ತಿದಳು.

ಎತ್ತಿದ ಕೈ ಕಂಡದ್ದೇ ತಡ, ಗಂಡಹೆಂಡಿರಿಬ್ಬರೂ ಕಣ್ಣುಮುಚ್ಚಿ ಗಟ್ಟಿಮೇಳ ಹೊಡೆದರು. ನಲವತ್ತು ವರ್ಷ ಪುರೋಹಿತರ ಎತ್ತಿದ ಕೈಯನ್ನು ನೋಡಿದ ಕಣ್ಣುಗಳು ಅವು. ಆ ಸದ್ದಿಗೆ ಕಿಲ್ಬರ್ನಿನ ನಾಯಿಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಗೌತಮಿಯ ಹೊಟ್ಟೆಯೊಳಗೆ ಏನೋ ಒದೆಯಿತು. ತಾನು ಏಳು ವರ್ಷದಿಂದ ಕಂಪ್ಯೂಟರಿನಲ್ಲಿ ಕಟ್ಟಲು ಹೆಣಗುತ್ತಿದ್ದ ಡ್ರಾಪ್ ಇದೇ ಎಂದು ಅವಳಿಗೆ ಅನ್ನಿಸಿತು.

ಸದ್ದು ನಿಂತಿತು. ಕಮಲಾ ಆಂಟಿ ಸುತ್ತಲೂ ನೋಡಿದರು.

"ಎಲ್ಲಿ? ಯಾರಿಗೆ ಕಟ್ಟಿದ್ರು?"

"ಯಾರಿಗೂ ಇಲ್ಲ ಆಂಟಿ. ನಾನು ಸುಮ್ನೆ ಕೈ ಎತ್ತಿದೆ."

"ಸುಮ್ನೆ ಎತ್ತಿದ್ಳಂತೆ! ರೀ, ಏನಾದ್ರೂ ಕಟ್ರೀ, ಬೇಗ!"

ಅಂಕಲ್ಲಿಗೆ ಡೋಲಿನಿಂದ ಕೈ ಬಿಡಿಸಿಕೊಳ್ಳಲಾಗಲಿಲ್ಲ. ಆಂಟಿಯೇ ಓಡಿಹೋಗಿ ಗಿಡಕ್ಕೆ ನೀರು ಬಿಡುವ ಪೈಪನ್ನೂ ತಿರುಗುಗಂಬದಲ್ಲಿ ಒಣಗುತ್ತಿದ್ದ ಗಂಡನ ಪ್ಯಾಂಟಿನ ಕಾಲನ್ನೂ ಸೇರಿಸಿ ಗಂಟು ಬಿಗಿದು, ಎದೆ ಹಿಡಿದುಕೊಂಡು ಕೂತರು.

"ಗಟ್ಟಿಮೇಳ ಅನ್ನೋದು ಗಂಟಿನ ಕಾವಲು ತಾಯಿ," ಎಂದು ನಾಗೇಂದ್ರ ವಿವರಿಸಿದರು. "ಕಟ್ಟೋ ಹೊತ್ನಲ್ಲಿ ಯಾರಾದ್ರೂ ಸೀನಿದ್ರೆ, ಕೆಟ್ಟ ಮಾತಾಡಿದ್ರೆ, ಗಂಟಿನ ಕಿವಿಗೆ ಬೀಳ್ಬಾರ್ದು ಅಂತ ಬಾರಿಸೋದು. ಗಂಟೇ ಇಲ್ದೆ ಬಾರಿಸಿದ್ರೆ ಆ ಸದ್ದು ಸುಮ್ನೆ ವಾಪಸ್ ಬರಲ್ಲ. ಹುಡ್ಕೊಂಡೋಗಿ ಸಿಕ್ಕಿದ್ದನ್ನ ಕಟ್ಟುತ್ತೆ. ಒಂದು ಗಂಟಿಗೆ ಒಂದು ಮೇಳ. ಒಪ್ಪಿ ಕಟ್ಟಿಸ್ಕೊಂಡೋರು ಇಬ್ರೂ ಒಪ್ಪಿದಾಗ ಬಿಚ್ಚುತ್ತೆ."

ಗೌತಮಿ ಇಂಥ ಮಾತನ್ನು ನಂಬದವಳಲ್ಲ. ನಂಬದಿದ್ದರೂ ಪೈಪು ನಂಬಿಸುತ್ತಿತ್ತು. ಮೂವರೂ ಜಗ್ಗಿದರು, ಪಕ್ಕದ ಮನೆಯಿಂದ ಇಕ್ಕಳ ತಂದರು, ಕತ್ತರಿ ಮೊಂಡಾಯಿತು. ಗಂಟು ಕದಲಲಿಲ್ಲ. ಪೈಪೂ ಪ್ಯಾಂಟೂ ಯಾವ ಕಾಲಕ್ಕೆ ಕೂತು ಒಪ್ಪಂದಕ್ಕೆ ಬರಬೇಕು?

ಪರ್ತ್ ಸಿಟಿಯ ಗಣಿ ಕಂಪನಿಗಳ ಕಟ್ಟಡಗಳು ಶುಕ್ರವಾರ ಐದು ಗಂಟೆಗೆ ಜನರನ್ನು ಒಟ್ಟಿಗೆ ಉಗುಳುತ್ತವೆ. ಅವರೆಲ್ಲ ಕೊರಳಿನ ಐಡಿ ಟ್ಯಾಗನ್ನೂ ತೆಗೆಯದೆ ಸೀದಾ ತಾರಸಿಯ ಮೇಲಿನ ಕ್ಲಬ್ಬಿಗೆ ಬಂದಿದ್ದರು. ಡೋಲು ಕಂಡು ನಕ್ಕರು, ನಾಗಸ್ವರದ ಉದ್ದ ಕಂಡು ಇನ್ನೊಂದಿಷ್ಟು ನಕ್ಕರು. ಹಾಡು ಏರತೊಡಗಿದಾಗ ಗೌತಮಿ ಮೈಕಿನಲ್ಲಿ, ಏನಾದರೂ ಕಟ್ಟಿಸಿಕೊಳ್ಳಲು ಒಪ್ಪುವ ಇಬ್ಬರು ಬೇಕು ಎಂದಳು. ಬೆಂಗಳೂರಿನಿಂದ ಬಂದಿದ್ದ ಶಶಾಂಕ್ ಎಂಬ ಇಂಜಿನಿಯರ್ ಮುಂದೆ ಬಂದ. ಅವನ ಕಂಪನಿಯ ಕಡುವೈರಿ ಕಂಪನಿಯ ಎತ್ತರದ ಭೂಗರ್ಭತಜ್ಞೆಯೊಬ್ಬಳು ಅವನ ಎದುರಿಗೆ ನಿಂತಳು. ಕಮಲಾ ಆಂಟಿ ಇಬ್ಬರ ಟ್ಯಾಗುಗಳನ್ನು ಸೇರಿಸಿ ಗಂಟು ಹಾಕಿದರು. ಗೌತಮಿ ಕೈ ಎತ್ತಿದಳು.

ತಾರಸಿ ಕೆಳಗೆ ಬೀಳದೆ ಉಳಿದದ್ದು ಕಟ್ಟಿದವರ ಪುಣ್ಯ. ನೆಲ ತುಂಬಿತು, ಮೆಟ್ಟಿಲು ತುಂಬಿತು, ಅಡುಗೆಮನೆಯವರು ಸಟ್ಟುಗ ಹಿಡಿದು ಬಂದರು.

ಸೋಮವಾರ ಸಂಜೆ ಗೌತಮಿ ಕಿಲ್ಬರ್ನಿನಲ್ಲಿದ್ದಾಗ ಶಶಾಂಕನ ಫೋನು. "ಮೇಡಂ, ಬಿಚ್ಚಕ್ಕೆ ಆಗ್ತಿಲ್ಲ. ಟ್ಯಾಗ್ ತೆಗೆದ್ರೆ ಆಫೀಸಿಗೆ ಬಿಡಲ್ಲ, ಹಾಕ್ಕೊಂಡ್ರೆ ಇವ್ರೂ ಒಳಗೆ ಬರ್ತಾರೆ. ನಮ್ ಮೀಟಿಂಗ್‌ನಲ್ಲಿ ಇವ್ರು ನೋಟ್ಸ್ ಬರ್ಕೊತಿದಾರೆ!"

"ಇಬ್ರೂ ಒಪ್ಪಿದ್ರೆ ಬಿಚ್ಚುತ್ತಂತೆ."

"ನಾನು ರೆಡಿ. ಇವ್ರು ಒಪ್ತಿಲ್ಲ. ಮೇಡಂ, ಇದು ಮದುವೆ ಆದಂಗಾ?"

ನಾಗೇಂದ್ರ ಫೋನು ಕಸಿದುಕೊಂಡು, "ತಾಳಿ ಅಲ್ಲಪ್ಪ, ಟ್ಯಾಗು. ಊಟ ಮಾಡ್ಕೊಂಡು ನೆಮ್ಮದಿಯಾಗಿರು," ಎಂದರು.

ಬ್ರಿಸ್ಬೇನಿನಲ್ಲಿ ನದೀತೀರದ ಕ್ಲಬ್ಬು. ಮಧ್ಯಾಹ್ನದ ಬಿಸಿಲಿಗೆ ನೀರು ತಾಮ್ರದ ಕೊಳಗದ ಹಾಗೆ ಹೊಳೆಯುತ್ತಿತ್ತು. ಪರ್ತಿನ ವಿಡಿಯೋ ನೋಡಿದವರು ಮುಂಚೆಯೇ ಬಂದು ಕಾಯುತ್ತಿದ್ದರು. ಅಲ್ಲಿ ಅವಳಿ ಅಕ್ಕತಂಗಿಯರು ತಮ್ಮ ಜಡೆಗಳನ್ನು ಕಟ್ಟಿಸಿಕೊಂಡರು. ಗಟ್ಟಿಮೇಳ ಮುಗಿದ ಮೇಲೆ ಜನ ಇನ್ನೊಂದು, ಇನ್ನೊಂದು ಎಂದು ಕಾಲಪ್ಪಳಿಸಿದರು. ಗೌತಮಿ ಆಸೆಯಿಂದ ಅಂಕಲ್ ಕಡೆ ನೋಡಿದಳು. ಅಂಕಲ್ ಡೋಲಿನ ಕೋಲನ್ನು ಆಗಲೇ ಚೀಲಕ್ಕೆ ಹಾಕಿದ್ದರು.

"ಒಂದು ಮುಹೂರ್ತಕ್ಕೆ ಒಂದೇ ತಾಯಿ."

"ಅಂಕಲ್, ಇದು ಮದುವೆಮನೆ ಅಲ್ಲ."

"ಅದು ನಿಂಗೆ ಗೊತ್ತು, ನಂಗೂ ಗೊತ್ತು. ಡೋಲಿಗೆ ಗೊತ್ತಿಲ್ವಲ್ಲ."

ನೋಡಲು ಬಂದಿದ್ದ ಧ್ರುವ ಅವಳನ್ನು ಪಕ್ಕಕ್ಕೆ ಕರೆದ. "ಒನ್ ಡ್ರಾಪ್ ಇನ್ ಫೋರ್ ಅವರ್ಸ್? ನೋಬಡಿ ವೇಟ್ಸ್ ಫೋರ್ ಅವರ್ಸ್, ಗೌತಮಿ. ಐ ನೀಡ್ ಟ್ವೆಂಟಿ. ಸೌಂಡ್ ಡೆಸ್ಕ್ ಹ್ಯಾಸ್ ದ ರೆಕಾರ್ಡಿಂಗ್. ಪುಟ್ ಇಟ್ ಆನ್ ಯುವರ್ ಪೆನ್ ಡ್ರೈವ್."

"ಲೈವ್ ಬೇಕು ಅಂದಿದ್ದು ನೀನೇ ಅಲ್ವಾ?"

"ಇಟ್ ವಾಸ್ ಲೈವ್. ನೌ ಇಟ್ಸ್ ಕನ್ವೀನಿಯೆಂಟ್. ಆರ್ ಶಲ್ ಐ ಕಾಲ್ ಮೈ ಡೆಂಟಿಸ್ಟ್?"

ಗೌತಮಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರಗಳು ಒಂದರ ಹಿಂದೆ ಒಂದು ಕುದುರೆ ಇಳಿದು, ಬಾಯಿ ತೆರೆದು, ಹಲ್ಲು ತೋರಿಸಲು ಡೆಂಟಿಸ್ಟನ ಮನೆಗೆ ಹೋಗುತ್ತಿದ್ದವು. ಬೆಳಿಗ್ಗೆ ಅವಳು ರೆಕಾರ್ಡಿಂಗನ್ನು ಪೆನ್ ಡ್ರೈವಿಗೆ ಹಾಕಿಕೊಂಡಳು. ಅಡಿಲೇಡಿಗೆ ಮರಳಿದ ಮೇಲೆ ಕಿಲ್ಬರ್ನಿಗೆ ಫೋನು ಮಾಡಿ, "ಇಲ್ಲಿ ಜಾಗ ತುಂಬಾ ಚಿಕ್ಕದಂತೆ ಆಂಟಿ, ಈ ಸಲ ನೀವು ಬರೋದು ಬೇಡವಂತೆ," ಎಂದು ಸುಳ್ಳು ಹೇಳಿದಳು.

"ನಿಂತ್ಕೊಂಡೇ ನುಡಿಸ್ತೀವಲ್ಲಮ್ಮ, ನಾವೇನು ಹಾಸಿಗೆ ಹಾಸ್ತೀವಾ?" ಎಂದರು ಆಂಟಿ. ಆಮೇಲೆ, "ಆಯ್ತು ಬಿಡು," ಎಂದರು. ಆ ಎರಡನೇ ಮಾತು ಗೌತಮಿಯ ಕಿವಿಯಲ್ಲಿ ಇಡೀ ವಾರ ಕೂತಿತ್ತು.

ಭಾನುವಾರ ಮಧ್ಯಾಹ್ನ ಗೋದಾಮು ಕಿಕ್ಕಿರಿದಿತ್ತು. ಗೌತಮಿ ಮೊದಲ ಸಲ ಗುಂಡಿ ಒತ್ತಿದಳು. ಪೆನ್ ಡ್ರೈವಿನಿಂದ ಗಟ್ಟಿಮೇಳ ಹೊರಟಿತು, ನೆಲ ಕುಣಿಯಿತು. ಬಾರಿನವನ ಏಪ್ರನ್ನಿನ ದಾರ ಫ್ರಿಜ್ಜಿನ ಹಿಡಿಗೆ ಕಟ್ಟಿಕೊಂಡಿತು. ಯಾರೂ ಗಮನಿಸಲಿಲ್ಲ. ಎರಡನೇ ಸಲಕ್ಕೆ ಮುಂದಿನ ಸಾಲಿನವರ ಬೂಟಿನ ಲೇಸುಗಳು ಪಕ್ಕದವರ ಲೇಸುಗಳನ್ನು ಹುಡುಕಿಕೊಂಡವು. ಕೆಲವರು ಬಿದ್ದರು. ಬಿದ್ದದ್ದೂ ಹೊಸ ಬಗೆಯ ಕುಣಿತವೆಂದು ಉಳಿದವರು ತಾವೂ ಬಿದ್ದರು. ಮೂರು, ನಾಲ್ಕು. ಅಂಗಿಯ ತೋಳುಗಳು, ಕೈಚೀಲದ ಪಟ್ಟಿಗಳು, ಒಬ್ಬನ ಗಡ್ಡ ಮತ್ತು ಇನ್ನೊಬ್ಬಳ ಮಫ್ಲರು. "ಒನ್ ಮೋರ್!" ಎಂದು ಧ್ರುವ ಅವಳ ಪಕ್ಕದಲ್ಲೇ ನಿಂತು ಕೂಗುತ್ತಿದ್ದ. ನೆಲ ಇಷ್ಟು ತುಂಬಿದ್ದನ್ನು ಅವನು ಕಂಡಿರಲೇ ಇಲ್ಲ, ಏಕೆಂದರೆ ಹೊರಗೆ ಹೋಗಲು ಯಾರಿಂದಲೂ ಆಗುತ್ತಿರಲಿಲ್ಲ.

ಎಂಟನೇ ಸಲ ಗೌತಮಿಯ ಹೆಡ್‌ಫೋನಿನ ಉದ್ದನೆಯ ವೈರು ಹಾವಿನಂತೆ ಮೇಜಿನಿಂದ ಇಳಿಯಿತು. ಒಂದು ತುದಿ ಅವಳ ಎಡ ಮುಂಗೈಗೆ ಮೂರು ಸುತ್ತು ಹಾಕಿಕೊಂಡಿತು, ಇನ್ನೊಂದು ಧ್ರುವನ ಬಲ ಮುಂಗೈಗೆ. ಬಿಗಿದುಕೊಂಡಿತು. ಆಗ ಅವಳು ಹಾಡು ನಿಲ್ಲಿಸಿ ತಲೆಯೆತ್ತಿ ನೋಡಿದಳು. ಇನ್ನೂರು ಜನರ ಒಂದೇ ಗಂಟು ಗೋದಾಮಿನ ನಡುವೆ ಉಸಿರಾಡುತ್ತಿತ್ತು.

"ಈಸ್ ದಿಸ್ ಪಾರ್ಟ್ ಆಫ್ ಇಟ್?" ಎಂದು ಗಂಟಿನ ಒಳಗಿನಿಂದ ಒಬ್ಬರು ಮರ್ಯಾದೆಯಿಂದ ಕೇಳಿದರು.

ಗೌತಮಿ ಕಿಲ್ಬರ್ನಿಗೆ ಫೋನು ಮಾಡಿದಳು. ನಾಗೇಂದ್ರ, ಕಮಲಾ ಇಬ್ಬರೂ ಅರ್ಧ ಗಂಟೆಯಲ್ಲಿ ಡೋಲಿನ ಸಮೇತ ಬಂದು ಬಾಗಿಲಲ್ಲಿ ನಿಂತರು. ಯಾರೂ ಬೈಯಲಿಲ್ಲ.

"ಎಷ್ಟು ಸಲ?" ಎಂದರು ಅಂಕಲ್.

"ಎಂಟು."

"ಎಂಟು ಮದುವೆ!" ಎಂದರು ಆಂಟಿ. "ಅಡುಗೆಯೋರಿಗಾದ್ರೂ ಹೇಳಿದ್ಯೇನಮ್ಮ?"

"ಬಿಚ್ಚೋದು ಹೇಗೆ ಅಂಕಲ್? ಇವರು ಯಾರೂ ಒಪ್ಪಿ ಕಟ್ಟಿಸಿಕೊಂಡವರಲ್ಲ."

"ಮೊದ್ಲು ಆ ಕಳ್ಳಮೇಳ ಇಲ್ಲಿಂದ ಹೋಗ್ಬೇಕು. ಅದು ಇರೋ ತನಕ ನನ್ ಡೋಲು ಬಾಯಿ ಬಿಡಲ್ಲ."

"ಡೋಂಟ್ ಯೂ ಡೇರ್," ಎಂದ ಧ್ರುವ. "ಲುಕ್ ಅಟ್ ದಟ್ ಫ್ಲೋರ್. ಡಿಲೀಟ್ ಮಾಡಿದ್ರೆ ನೋ ಸಂಡೇ. ನಾಟ್ ಒನ್." ಸಿಟ್ಟಿನಲ್ಲಿ ಅವನ ಬಾಯಿಂದ ಒಂದು ಕನ್ನಡ ಪದ ಬಿದ್ದಿತ್ತು. ಅವನಿಗೇ ತಿಳಿಯಲಿಲ್ಲ.

ಗೌತಮಿ ಒಂದು ಸಲ ನೆಲವನ್ನು ನೋಡಿದಳು. ಅವಳಿಗೆ ಬೇಕಾಗಿದ್ದುದೆಲ್ಲ ಅಲ್ಲೇ ಇತ್ತು, ಒಂದರ ಮೇಲೊಂದು ಕಟ್ಟಿ ಹಾಕಿತ್ತು. ಬಿಡುವಾಗಿದ್ದ ಬಲಗೈಯಿಂದ ಅವಳು ಫೈಲನ್ನು ಅಳಿಸಿದಳು. ಸಾಲದೆಂದು ಪೆನ್ ಡ್ರೈವನ್ನೂ ಕಿತ್ತು ನಿಂಬೆಹಣ್ಣಿನ ನೀರಿನ ಜಗ್ಗಿನೊಳಗೆ ಹಾಕಿದಳು.

ಮದುವೆ ಮುಗಿದ ಮೇಲೆ ಕಂಕಣ ಬಿಚ್ಚುವ ಶಾಸ್ತ್ರ ಒಂದಿದೆ. ಹೆಣ್ಣಿನ ಕೈಯದನ್ನು ಗಂಡು ಬಿಚ್ಚಬೇಕು, ಗಂಡಿನದನ್ನು ಹೆಣ್ಣು. ತನ್ನದನ್ನು ತಾನು ಮುಟ್ಟುವಂತಿಲ್ಲ. ಒಪ್ಪದೆ ಬಿದ್ದ ಗಂಟಿಗೂ ಅದೇ ದಾರಿ ಎಂದರು ಅಂಕಲ್. ಗೌತಮಿ ಅದನ್ನು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ಕಮಲಾ ಆಂಟಿ ನಾಗಸ್ವರದಲ್ಲಿ ತೊಟ್ಟಿಲು ತೂಗುವಂಥದ್ದೊಂದನ್ನು ಊದತೊಡಗಿದರು. ಡೋಲು ಬೆರಳ ತುದಿಯಲ್ಲಿ ಮಾತ್ರ ಮಾತಾಡಿತು. ಇನ್ನೂರು ಜನ ತಲೆಬಗ್ಗಿಸಿ ಪಕ್ಕದವರ ಗಂಟುಗಳಿಗೆ ಕೈ ಹಾಕಿದರು. ಗಡ್ಡದವನ ಗಡ್ಡವನ್ನು ಮಫ್ಲರಿನವಳು ಮಗುವಿನ ಕೂದಲು ಬಿಡಿಸುವ ಹಾಗೆ ಬಿಡಿಸಿದಳು. ಗೊತ್ತಿಲ್ಲದವರು ಗೊತ್ತಿಲ್ಲದವರ ಬೂಟಿನ ಮುಂದೆ ಮಂಡಿಯೂರಿದರು. ಆರು ಗಂಟೆಯ ಹೊತ್ತಿಗೆ ಕೊನೆಯವರೂ ಬಿಡುಗಡೆಯಾಗಿ, ಏನನ್ನೋ ಕಳೆದುಕೊಂಡವರಂತೆ ಕೈ ನೋಡಿಕೊಳ್ಳುತ್ತ ಹೋದರು.

ಉಳಿದದ್ದು ಒಂದು ಗಂಟು. ಧ್ರುವನ ಕೈಯದನ್ನು ಗೌತಮಿ ಎರಡು ನಿಮಿಷದಲ್ಲಿ ಬಿಚ್ಚಿದ್ದಳು. ಆದರೆ ಸಡಿಲಾದ ತುದಿ ಅವನ ಸೊಂಟಕ್ಕೆ ಹಾರಿ ಸುತ್ತಿಕೊಂಡಿತು. ಅವಳ ಕೈಯದನ್ನು ಬಿಚ್ಚದೆ ಅದು ಬಿಡುವುದಿಲ್ಲ ಎಂದರು ಅಂಕಲ್. ಧ್ರುವನೋ, ಉಗುರು ಕಚ್ಚುವ ಆಸಾಮಿ. ಹತ್ತೂ ಬೆರಳು ಬೋಳು. ತೆಳ್ಳಗಿನ ವೈರಿನ ಗಂಟಿಗೆ ಹಿಡಿತವೇ ಸಿಗಲೊಲ್ಲದು.

"ಉಗುರು ಬೆಳೀಲಿ," ಎಂದರು ಕಮಲಾ ಆಂಟಿ. "ಒಂದ್ ವಾರ ಬಾಯಿಂದ ಕೈ ದೂರ ಇಟ್ಕೊಳಪ್ಪ."

ಹೀಗಾಗಿ ಸೋಮವಾರದಿಂದ ಶುಕ್ರವಾರದವರೆಗೆ ಧ್ರುವ ಮೂರು ಮೀಟರ್ ವೈರಿನ ತುದಿಯಲ್ಲಿ ಆಸ್ಪತ್ರೆಗೆ ಬಂದ. ಸ್ಕ್ಯಾನಿಂಗ್ ಕೋಣೆಯ ಪರದೆಯ ಆಚೆ, ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತ. ರೋಗಿಗಳು ಅವನನ್ನು ಟ್ರೈನಿ ಎಂದುಕೊಂಡರು. ರಾತ್ರಿ ಬನಶಂಕರಿಯ ಮನೆಯ ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಮಲಗಿದರು. ಅವನ ಕೈ ಬಾಯಿಯ ಕಡೆ ಹೊರಟಾಗಲೆಲ್ಲ ಗೌತಮಿ ವೈರು ಜಗ್ಗುತ್ತಿದ್ದಳು. ಸ್ಕ್ಯಾನಿಂಗ್ ಕೋಣೆಯ ಕತ್ತಲಲ್ಲಿ ಅವನಿಗೆ ಕೇಳುತ್ತಿದ್ದುದು ಯಂತ್ರದ ಸದ್ದು ಮಾತ್ರ. ಮೊದಲು ಬರೀ ಗುಯ್‌ಗುಡುವಿಕೆ, ಬಹಳ ಹೊತ್ತು ಬರೀ ಗುಯ್‌ಗುಡುವಿಕೆ, ಆಮೇಲೆ ಇದ್ದಕ್ಕಿದ್ದಂತೆ ಹುಟ್ಟದ ಕೂಸಿನ ಎದೆಬಡಿತ. ಬುಧವಾರ ಅವನು ಮೆಲ್ಲಗೆ, "ಹೌ ಲಾಂಗ್ ಡು ದೇ ವೇಟ್ ಫಾರ್ ದಟ್?" ಎಂದ.

"ಎಷ್ಟು ಹೊತ್ತಾದ್ರೂ," ಎಂದಳು ಗೌತಮಿ. "ಯಾರೂ ಎದ್ದು ಹೋಗಲ್ಲ."

ಅವನು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಡೆಂಟಿಸ್ಟನಿಗೆ ಫೋನು ಮಾಡಲು ಮರೆತನೋ, ಮಾಡಲಿಲ್ಲವೋ, ಭಾನುವಾರ ಬಂದೇಬಿಟ್ಟಿತು. ಮೇಜಿನ ಹಿಂದೆ ನಿಲ್ಲಲು ಅವನ ಕೈಗೆ ಸಿಗುವ ದೂರದಲ್ಲಿ ಇದ್ದವಳು ಒಬ್ಬಳೇ.

"ಯೂ ಪ್ಲೇ," ಎಂದ. "ಒನ್ಲಿ ಟುಡೇ."

ಎರಡು ಗಂಟೆಗೆ ಬಾಗಿಲು ತೆರೆದಾಗ ಹೋದ ವಾರದವರೆಲ್ಲ ಬಂದಿದ್ದರು, ಮತ್ತು ಎಲ್ಲರ ಕೈಯಲ್ಲೂ ಏನಾದರೊಂದು ಇತ್ತು. ಎರಡು ಊರಿನ ಮನೆಗಳ ಬೀಗದಕೈಗಳು, ಕಿವಿ ಹರಿದ ಬಟ್ಟೆಯ ಮೊಲ, ಜಗಳವಾಡಿದ ಅಣ್ಣತಮ್ಮಂದಿರ ಎರಡು ಟೈಗಳು. ಎಲ್ಲ ಕಟ್ಟಿಸಿಕೊಳ್ಳಲು ತಂದವು. ನಾಗೇಂದ್ರ ಅಂಕಲ್ ಸಾಲಿನುದ್ದಕ್ಕೂ ಹೋಗಿ ಒಂದೊಂದನ್ನೂ ಮುಟ್ಟಿ ನೋಡಿ, "ಇದು ಕಟ್ಟಿದ್ರೆ ನಿಲ್ಲಲ್ಲ," "ಇವರಿಬ್ರು ಇನ್ನೂ ಮಾತಾಡ್ಬೇಕು," ಎಂದು ವಾಪಸು ಕೊಟ್ಟರು. ಕೊನೆಗೆ ಒಬ್ಬ ಇಟಾಲಿಯನ್ ಮುದುಕ ಕುಂಡದಲ್ಲಿ ತಂದಿದ್ದ ಗೇಣುದ್ದದ ಟೊಮೇಟೊ ಸಸಿಯ ಮುಂದೆ ನಿಂತರು. ಸಸಿ ಒಂದು ಕಡೆ ವಾಲಿತ್ತು. ಪಕ್ಕದಲ್ಲಿ ಕೋಲು ನೆಟ್ಟು ದಾರ ಇಳಿಬಿಟ್ಟಿತ್ತು, ಕಟ್ಟಿರಲಿಲ್ಲ.

"ಇದಕ್ಕೆ," ಎಂದರು.

ಗೌತಮಿ ಹಾಡು ಶುರುಮಾಡಿದಳು. ಅವಸರಪಡಲಿಲ್ಲ. ಒಂದು ಗಂಟೆ ಹಾಡು ಏರಿತು, ಇಳಿಯಿತು, ಬೀಳಲಿಲ್ಲ. ಎರಡು ಗಂಟೆ. ಡೋಲು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಿತ್ತು. ನೆಲ ತುಂಬಿತ್ತು, ಈ ಸಲ ಯಾರನ್ನೂ ಯಾವುದೂ ಕಟ್ಟಿರಲಿಲ್ಲ. ಧ್ರುವ ಬಾಗಿಲನ್ನೇ ನೋಡುತ್ತಿದ್ದ. ಒಬ್ಬರೂ ಎದ್ದು ಹೋಗಲಿಲ್ಲ. ಮೂರನೇ ಗಂಟೆಯಲ್ಲಿ ಅವನು ತನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಅವಳ ಮುಂಗೈಯನ್ನು ಮೆಲ್ಲಗೆ ಎತ್ತಿಕೊಂಡು, ವೈರಿನ ನಡುವೆ ಉಗುರು ತೂರಿಸಿದ. ಒಂದು ಸುತ್ತು, ಎರಡು ಸುತ್ತು, ಮೂರು. ವೈರು ಎರಡು ಕಡೆಯೂ ಕಳಚಿ ನೆಲಕ್ಕೆ ಬಿತ್ತು. ಈಗ ಅವಳನ್ನು ಅಲ್ಲಿ ಹಿಡಿದಿಡುವಂಥದ್ದು ಯಾವುದೂ ಇರಲಿಲ್ಲ. ಅವಳು ಅವನ ಮುಖ ನೋಡಿದಳು.

ಧ್ರುವ ಟೊಮೇಟೊ ಸಸಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ದಾರದ ಎರಡು ತುದಿಗಳನ್ನು ಹಿಡಿದುಕೊಂಡ. ಅವನ ಜೀವಮಾನದಲ್ಲೇ ಮೊದಲ ಸಲ, ಒಂದೊಂದೇ ಪದ ಹುಡುಕಿ ಜೋಡಿಸಿ, ಕನ್ನಡದಲ್ಲಿ ಕೇಳಿದ:

"ಅಂಕಲ್, ಮುಂದಿನ ಭಾನುವಾರ... ಏನು ಕಟ್ಟೋದು?"

"ಇದನ್ನ ಮೊದ್ಲು ಕಟ್ಟಪ್ಪ," ಎಂದರು ಕಮಲಾ ಆಂಟಿ, ನಾಗಸ್ವರವನ್ನು ತುಟಿಗೆ ತಂದುಕೊಳ್ಳುತ್ತ. "ತುಂಬಾ ಬಿಗೀಬೇಡ. ಅದಿನ್ನೂ ಬೆಳೀಬೇಕು."

ಗೌತಮಿ ಕೈ ಎತ್ತಿದಳು.